ಕೊನೆಯ ಬೆಂಚಿನ ನ್ಯೂಟ್ರಾನ್

ಬಾಳಗಡಿಯ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ಏನು ಕೇಳಿದರೂ ಮೊದಲು ಬೆರಳಿನ ಸೀಮೆಸುಣ್ಣ ಊದಿ, "ತಡಿ ಮಾರಾಯ, ನೋಡುವ" ಅನ್ನುತ್ತಿದ್ದರು. ನ್ಯೂಕ್ಲಿಯಸ್ ಪಾಠದ ದಿನ ನಮ್ಮನ್ನೇ ನ್ಯೂಟ್ರಾನ್ ಮಾಡಿ, ಬೆಂಚಿಗೆ ಇಬ್ಬರಂತೆ, ಒಬ್ಬರ ಮುಖ ಗೋಡೆಗೆ, ಇನ್ನೊಬ್ಬರದು ಕಿಟಕಿಗೆ ತಿರುಗಿಸಿ ಕೂರಿಸಿದರು. ಮುಂದಿನ ಬೆಂಚು ತುಂಬದೆ ಹಿಂದಿನದಕ್ಕೆ ಹೋಗುವಂತಿಲ್ಲ. ನಾನು ಬರುವ ಕೆರೆಕಟ್ಟೆಯ ಬಸ್ಸು ತಡವಾಗಿದ್ದರಿಂದ ಕೊನೆಯ ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ. ಎಲ್ಲರೂ ನಕ್ಕರು.

"ನಗಬೇಡಿ ಮಾರಾಯ್ರೆ," ಎಂದರು ಮೇಷ್ಟ್ರು. "ಜೋಡಿ ಕೂತವರಲ್ಲಿ ಒಬ್ರು ಆಚೆ ತಿರುಗಿದ್ರೆ ಇನ್ನೊಬ್ರು ಈಚೆ. ನಿಮ್ಮ ಲೆಕ್ಕ ಸೊನ್ನೆ. ಈ ಇಡೀ ನ್ಯೂಕ್ಲಿಯಸ್ಸಿನ ಸ್ಪಿನ್, ಅಂದ್ರೆ ಅದರ ತಿರುಗು ಎಷ್ಟು ಅಂತ ಹೇಳೋದು ಕೊನೆ ಬೆಂಚಿನ ಆ ಕೂಸು ಒಂದೇ."

ಮರುದಿನ ಗೆಳತಿ ಪಕ್ಕದಲ್ಲಿ ಜಾಗ ಹಿಡಿದಿಟ್ಟು ಕರೆದಳು. "ತಡಿ ಮಾರಾಯ್ತಿ, ನೋಡುವ" ಎಂದು ನಾನು ಕೊನೆಯ ಬೆಂಚಿಗೇ ಹೋದೆ.