ಯಜಮಾನ್ರ ಎಲೆ ಪಕ್ಕ ಇನ್ನೊಂದು ಎಲೆ

ನಂಬೋರು ನಂಬ್ರಿ, ನಗೋರು ನಗ್ರಿ. ಇದು ನಮ್ಮ ಮನ್ಯಾಗ, ನಾನು ಕೂತಿದ್ದ ಹಾಗೇ ಆಗಿದ್ದು. ಕಣ್ಣು ಮಂಜಾಗ್ಯಾವೆ, ಒಪ್ತೀನಿ. ಕಿವಿ ಮಾತ್ರ ಪಕ್ಕದ ಮನಿ ಅತ್ತೆ-ಸೊಸೆ ಪಿಸುಗುಟ್ಟಿದ್ದನ್ನೂ ಬಿಡಂಗಿಲ್ಲ. ಮೊಮ್ಮಗಳು ಫೋನಿನ್ಯಾಗ ಟೈಪ್ ಮಾಡೋದು ಕಲಿಸಿದ ಮ್ಯಾಲೆ ಮೊದ್ಲು ಬರಿಬೇಕು ಅನಿಸಿದ್ದೇ ಇದು... ಬರಿಯೋವಾಗ್ಲೂ ಬೆನ್ನು ಗೋಡೆಗೆ ಕೊಟ್ಟು ಕೂತೀನಿ.

ನಮ್ದು ಹರಿಹರ. ಕೋಟೆ ಒಳಗಿನ ಹಳೆ ಮನಿ. ಹೊಳೆ ದಂಡೆ ಊರು ನೋಡ್ರಿ, ಯಾವ ರಾಜನ ದಂಡು ಬಂದ್ರೂ ಇಲ್ಲೇ ಬೀಡು ಬಿಟ್ಟು, ಇಲ್ಲೇ ಹೊಳೆ ದಾಟಿ, ಇಲ್ಲೇ ಬಡಿದಾಡಿ ಸತ್ತಾರಂತೆ. ಹಂಗಾಗಿ ನಮ್ಮ ಓಣ್ಯಾಗ ಎಲ್ಲಿ ಅಗೆದ್ರೂ ಕೆತ್ತಿದ ಕಲ್ಲು. ಒಬ್ಬರ ಮನಿಗೆ ಅದೇ ಮೆಟ್ಲು, ಇನ್ನೊಬ್ಬರಿಗೆ ಕಟ್ಟೆ. ನಮ್ಮನಿ ಹಿತ್ತಲಾಗ ಬಟ್ಟೆ ಒಗಿಯೋ ಕಲ್ಲು. ನಮ್ಮತ್ತೆ ಅದರ ಮ್ಯಾಲೇ ಒಗೆದ್ರು, ನಾನೂ ಒಗೆದೆ.

ವಾಷಿಂಗ್ ಮಷೀನ್ ಬಂದ ಮ್ಯಾಲೆ ಕಲ್ಲು ಯಾಕ ಅಂತ ಹೋದ ವರ್ಷ ನನ್ನ ಮಗ ಬಸವರಾಜ ಅದನ್ನ ಕೀಳ್ಸಿದ. ದಾವಣಗೆರ್ಯಾಗ ಮೋಟರ್ ರಿಪೇರಿ ಅಂಗಡಿ ಅವಂದು. ಹಾರಿ ಹಾಕಿ ಮೀಟಿ ಮಗುಚಿದ್ರೆ... ಕೆಳಗಿನ ಮಗ್ಗಲಾಗ ಒಬ್ಬ ಆಳು. ಕೈಯಾಗ ಕತ್ತಿ, ಪಕ್ಕದಾಗ ಕುದ್ರೆ, ಕಾಲ ಕೆಳಗೆ ಬಿದ್ದ ಹೆಣ. ಇಷ್ಟು ವರ್ಷ ನಾವು ಅವನ ಬೆನ್ನ ಮ್ಯಾಲೆ ಬಟ್ಟೆ ಕುಕ್ಕಿದ್ವಿ. ಮಣ್ಣು ತೊಳೆದ್ರೂ ಮುಖ ಸಿಟ್ಟಿನಾಗೇ ಇತ್ತು.

ನೋಡಾಕ ಬಂದ ಮೇಷ್ಟ್ರು, ಇದು ವೀರಗಲ್ಲು, ಕಾಳಗದಾಗ ಸತ್ತೋನಿಗೆ ನಿಲ್ಸಿದ್ದು, ಹಬ್ಬ ಮುಗಿದ ಮ್ಯಾಲೆ ಗುಡಿ ಅಂಗಳದಾಗಿನ ಕಲ್ಲಿನ ಸಾಲಿಗೆ ಇಡ್ಸೋಣ ಅಂದ್ರು. ಅಲ್ಲಿ ತನಕ ನಡುಮನ್ಯಾಗ ಗೋಡೆಗೆ ಒರಗಿಸಿದ್ವಿ.

ಹಬ್ಬ ಅಂದ್ರೆ ಮಹಾಲಯ ಅಮಾಸಿ. ಹಿರೇರಿಗೆ ಎಡೆ ಇಡೋದು. ಸತ್ತೋರು ಇಷ್ಟಪಟ್ಟಿದ್ದೆಲ್ಲ ಎಲೆಗೆ ಬಡಿಸಿ, ದೀಪ ಹಚ್ಚಿ, ಬಾಗ್ಲು ಹಾಕ್ಕೊಂಡು ಮನಿಯೋರೆಲ್ಲ ಹೊರಗ ಕೂಡಬೇಕು. ಅವರು ಬಂದು ಉಣ್ಣೋ ತನಕ ತೆಗಿಯಂಗಿಲ್ಲ. ನಮ್ಮ ಯಜಮಾನ್ರಿಗೆ ಹೋಳಿಗಿಗಿಂತ ಮಂಡಕ್ಕಿ-ಮಿರ್ಚಿ ಮ್ಯಾಲೇ ಜೀವ. ಅದನ್ನೇ ಮೊದ್ಲು ಬಡಿಸ್ತೀನಿ. ಕಟ್ಟಿಸಿದ ಹಲ್ಲಿನ ಸೆಟ್ಟೂ ಎಲೆ ಪಕ್ಕ ಇಡ್ತೀನಿ, ಇಲ್ದಿದ್ರೆ ಪಾಪ ಹೆಂಗೆ ಅಗಿತಾರೆ? ವರ್ಷಕ್ಕೊಂದು ಸಲ ಮನಿಗೆ ಬರೋ ಗಂಡ. ನನಗೆ ಉಳಿದಿರೋದು ಅದೊಂದೇ ಭೇಟಿ.

ಆ ಸಂಜೆ ನಾನು ಕಟ್ಟೆ ಮ್ಯಾಲೆ ಕೂತ ಮ್ಯಾಲೆ, ಸೊಸೆ ಸುಮಾ ಕಲ್ಲಿನ ಮುಂದೂ ಒಂದು ಎಲೆ ಹಾಕಿ ಬಂದಿದ್ಲು. ಬಾಗ್ಲು ಹಾಕಿ ಚಿಲಕ ಇಟ್ಟ ಮ್ಯಾಲೆ ಹೇಳಿದ್ಲು. ಅವನೂ ಸತ್ತೋನೇ ಅಲ್ಲೇನ್ರಿ ಅತ್ತೆ, ಎಷ್ಟು ಕಾಲದಿಂದ ಹಸ್ಕೊಂಡಾನೋ, ಅಂದ್ಲು. ಆ ದಿನ ಯಾರಿಗೆ ಎಲೆ ಹಾಕ್ತೀವೋ ಅವರು ಆ ಮನಿ ಹಿರೇರು. ಹೆಸರು-ಕುಲ ಗೊತ್ತಿಲ್ದ ಒಬ್ಬ ಕತ್ತಿ ಹಿಡಿದೋನನ್ನ ಇವಳು ಕರೆದು ಕೂಡ್ರಿಸಿದ್ಲು...

ಅಷ್ಟರಾಗ ಕರೆಂಟ್ ಹೋತು.

ಮೊದ್ಲು ಕೆಮ್ಮು ಕೇಳಿಸ್ತು. ಯಜಮಾನ್ರದೇ. ಎರಡು ಸಣ್ಣವು, ಆಮ್ಯಾಲೆ ಒಂದು ಉದ್ದಂದು, ಬೀಡಿ ಕೆಮ್ಮು. ಪ್ರತಿ ವರ್ಷ ಕೇಳಿಸ್ತೈತೆ ಅಂದ್ರೆ ಬಸವರಾಜ ನಗ್ತಿದ್ದ. ಆವತ್ತು ಅವನೂ ಬಾಗ್ಲಿಗೆ ಕಿವಿ ಕೊಟ್ಟ.

ಆಮ್ಯಾಲೆ... ಸರ್ರ್ ಅಂತ ಸದ್ದು. ಬಂಡೆ ನೆಲದ ಮ್ಯಾಲೆ ಕಬ್ಬಿಣ ಎಳೆದಂಗ. ನಿಧಾನಕ್ಕ, ಈ ಗೋಡಿಯಿಂದ ಆ ಗೋಡಿಗೆ.

ಕೆಮ್ಮು ಅರ್ಧಕ್ಕೇ ನಿಂತುಬಿಡ್ತು. ಯಾರೋ ಗಂಟ್ಲು ಹಿಡಿದಂಗ.

ಲೋಟ ಉರುಳ್ತು. ಎಲೆ ಪರ್ರ್ ಅಂತ ಹರೀತು. ಆಮ್ಯಾಲೆ ಒಳಗಿಂದ ಬಾಗ್ಲು ಬಡಿಯೋದು ಶುರುವಾತು... ಅಂಗೈಲೆ, ಮೆಲ್ಲಕ, ಓಣಿ ಮಂದಿಗೆ ಗೊತ್ತಾಗಬಾರ್ದು ಅನ್ನಂಗ. ಯಜಮಾನ್ರು ಹಂಗೇ. ಬದುಕಿದ್ದಷ್ಟು ದಿನ ಒಂದು ಸಲ ದನಿ ಏರಿಸಿದೋರಲ್ಲ.

ಎದ್ದೆ. ಸುಮಾ ನನ್ನ ಸೆರಗು ಹಿಡಿದ್ಲು.

"ತೆಗೀಬ್ಯಾಡ್ರಿ ಅತ್ತೆ..."

"ನಿಮ್ಮ ಮಾವ ಅದಾರೆ ಒಳಗ."

"ಅವರೇ ಅಂತ ಹೆಂಗೆ ಹೇಳ್ತೀರಿ?"

"ಸಂಸಾರ ಮಾಡೀನವ್ವ ಅವರ ಕೂಡ. ಬಿಡು ಸೆರಗು."

ಇಲಿ ಇರ್ಬೇಕು ಅಂದ ಬಸವರಾಜ. ಇಲಿಗೆ ಅಂಗೈ ಯಾರು ಕೊಟ್ರಪ್ಪ ಅಂತ ಕೇಳಾಕ ಹೊತ್ತಿರಲಿಲ್ಲ. ಚಿಲಕ ತೆಗೆದೆ.

ತಣ್ಣನೆ ಗಾಳಿ ನನ್ನ ಹೆಗಲಿಗೆ ಒರಸಿಕೊಂಡು ಹೊರಗ ಹೋತು. ಬೀಡಿ ವಾಸನಿ, ಅವರು ತಲಿಗೆ ಹಚ್ಕೊಳ್ತಿದ್ದ ಹರಳೆಣ್ಣಿ ವಾಸನಿ... ಓಣಿ ಇಳಿದು ಹೊಳೆ ಕಡೆ ಹೋತು. ನಿಲ್ಲಲಿಲ್ಲ. ನಮ್ಮ ಯಜಮಾನ್ರು ಅವರದೇ ಮನಿಯಿಂದ ಅವಸರದಾಗ ಹೊರಗ ಹೋದ್ರು, ನನ್ನನ್ನೂ ಮಾತಾಡಿಸ್ದಂಗ.

ಒಳಗ ಬ್ಯಾರೆ ವಾಸನಿ. ಕುದ್ರೆ ಬೆವರು, ತುಕ್ಕು, ಹಸಿ ನೆತ್ತರು. ದೀಪ ಅಲ್ಲಾಡ್ದಂಗ ಉರಿತಿತ್ತು. ಕಲ್ಲಿನ ಮುಂದಿನ ಎಲೆ ನೆಕ್ಕಿದಂಗ ಖಾಲಿ. ಯಜಮಾನ್ರ ಎಲೆ ಎರಡು ಹೋಳು, ಮಿರ್ಚಿ ತುಳಿದು ನೆಲಕ್ಕೆ ಮೆತ್ತಿತ್ತು. ಹಲ್ಲಿನ ಸೆಟ್ಟು ಹೊಸ್ತಿಲ ಹತ್ರ, ಒದ್ದು ಎಸೆದಂಗ. ಎತ್ಕೊಳ್ಳಾಕ ಬಗ್ಗಿದೆ... ಕಿವಿ ಪಕ್ಕ ಯಾರೋ ಹಲ್ಲು ಕಡಿದ್ರು.

ಮರುದಿನ ಮುಂಜಾನೆ ಕಲ್ಲನ್ನ ಟ್ರ್ಯಾಕ್ಟರ್‌ನ್ಯಾಗ ಹೇರಿ ಗುಡಿ ಅಂಗಳಕ್ಕೆ ಕಳ್ಸಿದ್ವಿ. ಮಂದಿ ಈಗ ಅದರ ಫೋಟೋ ಹೊಡ್ಕೊಳ್ತಾರೆ.

ಕಲ್ಲು ಹೋತು. ಅವ ಹೋಗಲಿಲ್ಲ.

ಈ ವರ್ಷ ಯಜಮಾನ್ರ ಹೆಸರಿಗೆ ಒಂದೇ ಎಲೆ ಹಾಕಿ, ಬಾಗ್ಲು ಹಾಕ್ಕೊಂಡು ಕೂತ್ವಿ. ಕೆಮ್ಮು ಬರಲಿಲ್ಲ. ಕಬ್ಬಿಣ ಮಾತ್ರ ಎಳೀತು, ಈ ಗೋಡಿಯಿಂದ ಆ ಗೋಡಿಗೆ, ಸ್ವಂತ ಮನ್ಯಾಗ ಅಡ್ಡಾಡಿದಂಗ. ತೆಗೆದು ನೋಡಿದ್ರೆ ಎಲೆ ಖಾಲಿ. ಯಾರಿಗೂ ಹೇಳ್ದಂಗ ಹೊಳೆ ಮೆಟ್ಲ ಮ್ಯಾಲೆ ಇನ್ನೊಂದು ಎಲೆ ಇಟ್ಟು ಬಂದೆ. ಮುಂಜಾನೆ ಹೋದ್ರೆ ಹಂಗೇ ಇತ್ತು. ನಾಯಿನೂ ಮೂಸಿರಲಿಲ್ಲ. ಎಲ್ಲಿ ಅದಾರೋ, ಏನು ಉಣ್ತಾರೋ...

ನಾಳೆ ನಾನು ಹೋದ್ರೆ ನನಗೂ ಎಲೆ ಹಾಕ್ತಾರೆ. ನಂದು ಮಾತ್ರ ಮನಿಯೊಳಗ ಬ್ಯಾಡಪ್ಪ, ಹೊಳೆ ಹತ್ರ ಹಾಕು ಅಂತ ಬಸವರಾಜಗ ಹೇಳಿದೆ. ಅವ ನನ್ನ ಗಲ್ಲ ಹಿಡಿದು ನಕ್ಕ.

"ನೀನೇನು ಹೊರಗಿನೋಳಾ ಅವ್ವ? ನಡುಮನ್ಯಾಗೇ ಹಾಕ್ತೀನಿ. ಬಾಗ್ಲು ಗಟ್ಟಿ ಮುಚ್ಚಿಕೊಂಡು ಹೊರಗ ಕೂಡ್ತೀನಿ. ಎಷ್ಟು ಬಡಿದ್ರೂ ತೆಗಿಯಂಗಿಲ್ಲ, ಆರಾಮಾಗಿ ಉಣ್ಣು."

ಪ್ರೀತಿಲೇ ಅಂದ, ಪಾಪ. ಆವತ್ತಿಂದ ನನಗೆ ನಿದ್ದಿ ಇಲ್ಲ.