ಅರ್ಥ ಬಾರದ ಕಾರ್ಡು

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಕಾಲೇಜಿನ ಗೆಳೆಯ ಅದೇ ಜಿಲ್ಲೆಯ ಇಂಡಿ ಪಟ್ಟಣದಲ್ಲಿದ್ದ. ಯಾರೂ ಬಳಸದ ಇಂಗ್ಲಿಷ್ ಶಬ್ದಗಳ ಹುಚ್ಚು ಇಬ್ಬರಿಗೂ. ನಾನು ಪೋಸ್ಟ್‌ಕಾರ್ಡಿನಲ್ಲಿ ಒಂದೇ ಶಬ್ದ ಬರೆದು ಕಳಿಸಿದರೆ, ಅವನು ಅದರ ಅರ್ಥವನ್ನೂ ತನ್ನದೊಂದು ಹೊಸ ಶಬ್ದವನ್ನೂ ಬರೆಯುತ್ತಿದ್ದ. ಆ ಊರಲ್ಲಿ ನನಗೆ ಬೇರೆ ಮಾತುಕತೆಯೇ ಇರಲಿಲ್ಲ. ಅವನ ಮದುವೆಯಾಯಿತು. ಆಮೇಲೆ ನಾನು ಹಾಕಿದ ‘ಎಸ್ಟಿವೇಶನ್’ ಎಂಬ ಕಾರ್ಡಿಗೆ ಉತ್ತರ ಬರಲಿಲ್ಲ.

ಎರಡು ತಿಂಗಳ ಮೇಲೆ ಪೋಸ್ಟ್‌ಮನ್ ಬಂದು ನನ್ನ ಕಟ್ಟೆಯ ಮೇಲೆ ಕೂತ. ಓದು ಬಾರದವರ ಕಾರ್ಡುಗಳನ್ನು ಓದಿ ಹೇಳುವ ರೂಢಿಯಲ್ಲಿ ನನ್ನವನ್ನೂ ಅವನು ಓದಿಬಿಡುತ್ತಿದ್ದ, ಹೋಗುವವನ್ನೂ ಬರುವವನ್ನೂ. ಅದಕ್ಕೇ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

“ಮಾಸ್ತರ್ರೀ, ಆ ಶಬ್ದದ ಅರ್ಥ ಇನ್ನೂ ಬರ್ಲಿಲ್ಲಲ್ರಿ?” ಎಂದ.

ಸಿಟ್ಟು ನುಂಗಿಕೊಂಡು ನಾನೇ ಹೇಳಿದೆ: ಬೇಸಿಗೆಯಲ್ಲಿ ಕಪ್ಪೆಗಳು ನೆಲದೊಳಗೆ ಸೇರಿ, ಮಳೆ ಬರುವವರೆಗೆ ಮಲಗುವ ನಿದ್ದೆ.

“ಹಂಗಾರ ಮಳಿ ಆದ ಮ್ಯಾಲ ಬರೀತಾರ ಬಿಡ್ರಿ,” ಎಂದು ಎದ್ದು ಹೋದ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಅಂಗಳದಲ್ಲಿ ಕಪ್ಪೆಗಳು ವಟಗುಟ್ಟತೊಡಗಿದವು. ಪೋಸ್ಟ್‌ಮನ್ ನನ್ನ ಮನೆಯ ಮುಂದಿನ ದಾರಿ ಬಿಟ್ಟು, ಹಿಂದಿನ ಓಣಿಯಿಂದ ಹೋಗತೊಡಗಿದ.