ದೋಹಾದಿಂದ ಹೋದ ಮನೆಯ ಅರ್ಜಿ

ಮನೆಯಿಲ್ಲದವರಿಗೆ ಸರಕಾರ ಮನೆ ಕಟ್ಟಿಸಿಕೊಡುತ್ತದಂತೆ ಎಂದು ಊರಿಂದ ಸುದ್ದಿ ಬಂದಾಗ, ನಮ್ಮ ಆಫೀಸಿನಲ್ಲಿ ಚಹಾ ಮಾಡುತ್ತಿದ್ದ ಅಬ್ಬಾಸ್ ಬ್ಯಾರಿ ಅರ್ಜಿ ಬರೆಸಲು ನನ್ನ ಬಳಿ ಬಂದರು. ದೋಹಾ ಜದೀದಾ ಎಂಬ ಬಡಾವಣೆಯ ಒಂದೇ ಕೋಣೆಯಲ್ಲಿ ಹತ್ತು ಮಂದಿಯ ಜೊತೆ ಅವರ ವಾಸ. ಹೆಂಡತಿ ಮಕ್ಕಳು ಊರಲ್ಲಿ, ಭಾವನ ಮನೆಯ ಜಗಲಿಯಲ್ಲಿ.

“ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವ ಸಾರ್” ಎಂದರು.

“ಸರಕಾರಿ ಕಾಗದ ಅಂಚೆಯಲ್ಲೇ ಹೋಗಬೇಕು ಬ್ಯಾರಿಗಳೇ” ಎಂದು ಗತ್ತಿನಿಂದ ಹೇಳಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ಎರಡು ತಿಂಗಳಿಗೆ ಅರ್ಜಿ ವಾಪಸ್ ಬಂತು. ಪಂಚಾಯತಿಯವರು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದರು: ‘ಅರ್ಜಿದಾರರು ಗಲ್ಫಿನಲ್ಲಿದ್ದಾರೆ. ಬಡವರಲ್ಲ.’

ಬ್ಯಾರಿಗಳು ಓದಿಸಿ ಕೇಳಿದರು. “ಖಲಾಸ್ ಸಾರ್” ಎಂದು ನನ್ನ ಚಹಾ ಇಟ್ಟು ಹೋದರು.

ಪುರಾವೆಗೆಂದು ಪಂಚಾಯತಿಯವರು ನಾನು ಕಳಿಸಿದ್ದ ಲಕೋಟೆಯನ್ನೂ ಲಗತ್ತಿಸಿದ್ದರು. ಅದರ ಮೇಲಿದ್ದ ಕತಾರಿನ ಸ್ಟಾಂಪನ್ನು ಮಾತ್ರ ಯಾರೋ ಜೋಪಾನವಾಗಿ ಕತ್ತರಿಸಿ ಇಟ್ಟುಕೊಂಡಿದ್ದರು.